ಕಾರಿನಲ್ಲಿ ಕಂಡದ್ದು ರಕ್ತವೆ?

1980ರ ಆಗಸ್ಟ್ 17ರ ರಾತ್ರಿ. ಆಸ್ಟ್ರೇಲಿಯದ ನಡುಭಾಗದ ಒಣ ಬಯಲಿನಲ್ಲಿ, ಉಲುರು ಎಂಬ ಬೃಹತ್ ಕೆಂಪು ಬಂಡೆಯ ಬಳಿ ಕೆಲವು ಪ್ರವಾಸಿ ಕುಟುಂಬಗಳು ಡೇರೆ ಹಾಕಿಕೊಂಡು ತಂಗಿದ್ದವು. ಮೈಕೆಲ್ ಮತ್ತು ಲಿಂಡಿ ಚೇಂಬರ್ಲೇನ್ ದಂಪತಿಗಳ ಕುಟುಂಬವೂ ಅವುಗಳಲ್ಲಿ ಒಂದು. ಒಂಬತ್ತು ವಾರಗಳ ಹೆಣ್ಣುಮಗು ಅಜಾರಿಯಾಳನ್ನು ಡೇರೆಯಲ್ಲಿ ಮಲಗಿಸಿ, ಲಿಂಡಿ ಅಡುಗೆಯ ಜಾಗಕ್ಕೆ ಮರಳಿದರು. ಸ್ವಲ್ಪ ಹೊತ್ತಿನಲ್ಲಿ ಮಗುವಿನ ಅಳು ಕೇಳಿಸಿತು. ನೋಡಲು ಹೋದ ತಾಯಿ, ಡೇರೆಯಿಂದ ಡಿಂಗೊ ಒಂದು ಹೊರಬರುತ್ತಿದ್ದುದನ್ನು ಕಂಡು, ಅದು ಮಗುವನ್ನು ಒಯ್ದಿತೆಂದು ಕೂಗಿಕೊಂಡರು. ಡಿಂಗೊ ಎಂದರೆ ಆಸ್ಟ್ರೇಲಿಯದ ಕಾಡುನಾಯಿ. ಮಗುವಿನ ದೇಹ ಇಂದಿಗೂ ಸಿಕ್ಕಿಲ್ಲ.

ಎರಡು ವರ್ಷಗಳ ಬಳಿಕ, 1982ರ ಅಕ್ಟೋಬರ್ 29ರಂದು, ಡಾರ್ವಿನ್ ನಗರದ ನ್ಯಾಯಾಲಯದ ಜ್ಯೂರಿಯು ಮಗುವನ್ನು ಕೊಂದವರು ತಾಯಿಯೇ ಎಂದು ತೀರ್ಮಾನಿಸಿತು. ಲಿಂಡಿಗೆ ಜೀವಾವಧಿ ಶಿಕ್ಷೆಯಾಯಿತು. ಆರು ವರ್ಷಗಳ ನಂತರ, 1988ರಲ್ಲಿ, ಅದೇ ತೀರ್ಪನ್ನು ಮೇಲ್ಮನವಿ ನ್ಯಾಯಾಲಯ ರದ್ದುಗೊಳಿಸಿತು. ಈ ಎರಡು ತೀರ್ಮಾನಗಳ ನಡುವೆ ಬದಲಾದದ್ದೇನು? ಹೊಸ ಕೊಲೆಗಾರ ಸಿಕ್ಕಲಿಲ್ಲ. ಹೊಸ ಪ್ರತ್ಯಕ್ಷ ಸಾಕ್ಷಿಯೂ ದೊರೆಯಲಿಲ್ಲ. ಮುಖ್ಯವಾಗಿ ಬದಲಾದದ್ದು ಪ್ರಯೋಗಾಲಯದ ಫಲಿತಾಂಶಗಳಿಗೆ ಕೊಟ್ಟಿದ್ದ ಅರ್ಥ. ಆದ್ದರಿಂದಲೇ ಈ ಪ್ರಕರಣ ವಕೀಲರಿಗೆ ಎಷ್ಟು ಮುಖ್ಯವೋ ವಿಜ್ಞಾನದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಅಷ್ಟೇ ಮುಖ್ಯ.

ಮೊದಲ ವಿಚಾರಣೆ

ಘಟನೆಯಾದ ಒಂದು ವಾರಕ್ಕೆ ಮಗುವಿನ ಉಡುಪುಗಳು ಡೇರೆಯಿಂದ ಸುಮಾರು 4 ಕಿಲೋಮೀಟರ್ ದೂರದಲ್ಲಿ ದೊರೆತವು. ಮೈಪೂರ್ತಿ ಮುಚ್ಚುವ ಜಂಪ್‌ಸೂಟಿನ ಕುತ್ತಿಗೆಯ ಭಾಗ ರಕ್ತದಿಂದ ತೊಯ್ದು ಒಣಗಿತ್ತು. ಅದರ ಮೇಲೆ ಮಗುವಿಗೆ ಬಿಳಿಯ ಹೆಣಿಗೆ ಅಂಗಿಯೊಂದನ್ನು ತೊಡಿಸಿದ್ದೆ ಎಂದು ಲಿಂಡಿ ಮೊದಲಿನಿಂದಲೂ ಹೇಳುತ್ತಿದ್ದರು. ಆದರೆ ಆ ಅಂಗಿ ಮಾತ್ರ ಸಿಕ್ಕಿರಲಿಲ್ಲ.

ಅಸಹಜ ಸಾವುಗಳನ್ನು ವಿಚಾರಿಸುವ ಅಧಿಕಾರಿಗೆ ಅಲ್ಲಿ ಕರೋನರ್ ಎಂದು ಹೆಸರು. ಕರೋನರ್ ಡೆನಿಸ್ ಬ್ಯಾರಿಟ್ 1981ರ ಫೆಬ್ರವರಿಯಲ್ಲಿ ತಮ್ಮ ನಿರ್ಣಯವನ್ನು ದೂರದರ್ಶನದ ಮುಂದೆಯೇ ಓದಿದರು: ಮಗುವನ್ನು ಒಯ್ದದ್ದು ಡಿಂಗೊ, ತಂದೆತಾಯಿಗಳು ನಿರ್ದೋಷಿಗಳು. ಅಡುಗೆ ಜಾಗದಲ್ಲಿದ್ದ ಇನ್ನೊಬ್ಬ ಮಹಿಳೆ, ಲಿಂಡಿ ಮರಳಿ ಬಂದ ಮೇಲೆ ಮಗುವಿನ ಅಳು ಕೇಳಿದ್ದಾಗಿ ಹೇಳಿದ್ದರು. ಹೆಜ್ಜೆ ಗುರುತಿಸುವುದರಲ್ಲಿ ನಿಪುಣರಾದ ಸ್ಥಳೀಯ ಮೂಲನಿವಾಸಿಗಳು ಡೇರೆಯ ಸುತ್ತ ಡಿಂಗೊ ಹೆಜ್ಜೆಗಳನ್ನು ಕಂಡಿದ್ದರು. ಕೆಲವೇ ವಾರಗಳ ಹಿಂದೆ ಅದೇ ಪ್ರದೇಶದಲ್ಲಿ ಡಿಂಗೊ ಒಂದು ಪುಟ್ಟ ಹುಡುಗಿಯನ್ನು ಕಾರಿನಿಂದ ಎಳೆದಿತ್ತು.

ಅಲ್ಲಿಗೆ ಪ್ರಕರಣ ಮುಗಿಯಬೇಕಿತ್ತು. ಮುಗಿಯಲಿಲ್ಲ. ದಂಪತಿಗಳು ಅಲ್ಪಸಂಖ್ಯಾತ ಕ್ರೈಸ್ತ ಪಂಗಡವೊಂದಕ್ಕೆ ಸೇರಿದವರು; ಮೈಕೆಲ್ ಅದರ ಪಾದ್ರಿ. ಅಜಾರಿಯಾ ಎಂಬ ಹೆಸರಿಗೆ ‘ಬಲಿ’ ಎಂಬ ಅರ್ಥವಿದೆ ಎಂಬ ಸುಳ್ಳು ಹರಡಿತು. ತಾಯಿ ಸಾಕಷ್ಟು ಅಳಲಿಲ್ಲ ಎಂಬುದೂ ಜನರ ಬಾಯಲ್ಲಿ ಸಾಕ್ಷ್ಯವಾಯಿತು! ಇದರ ನಡುವೆ ಪೊಲೀಸರು ಉಡುಪುಗಳನ್ನೂ ಕುಟುಂಬದ ಹಳದಿ ಬಣ್ಣದ ಟೊರಾನಾ ಕಾರನ್ನೂ ತಜ್ಞರ ಪರೀಕ್ಷೆಗೆ ಒಪ್ಪಿಸಿದರು.

ಆರೋಪಕ್ಕೆ ಆಧಾರವಾದ ವಿಜ್ಞಾನ

ತಜ್ಞರ ವರದಿಗಳು ಬಂದಾಗ ಚಿತ್ರವೇ ಬದಲಾಯಿತು. ಲಂಡನ್ನಿನ ನ್ಯಾಯವೈದ್ಯ ಪ್ರೊ. ಜೇಮ್ಸ್ ಕ್ಯಾಮರಾನ್ ಜಂಪ್‌ಸೂಟನ್ನು ನೇರಳಾತೀತ ಬೆಳಕಿನಲ್ಲಿ ಪರಿಶೀಲಿಸಿ, ಅದರ ಮೇಲೆ ರಕ್ತಸಿಕ್ತ ಕೈಯ ಗುರುತಿದೆ, ಮಗುವಿನ ಕುತ್ತಿಗೆಯನ್ನು ಹರಿತವಾದ ಆಯುಧದಿಂದ ಕೊಯ್ಯಲಾಗಿದೆ ಎಂದರು. ಸಿಡ್ನಿಯ ಪ್ರಯೋಗಾಲಯವು ಕಾರಿನ ಮುಂದಿನ ಆಸನದ ಸುತ್ತ ರಕ್ತವಿದೆ, ಅದು ಎಳೆಗೂಸಿನ ರಕ್ತ ಎಂದಿತು. ಡ್ಯಾಶ್‌ಬೋರ್ಡಿನ ಕೆಳಗೆ ಎರಚಿದಂತಿದ್ದ ಕಲೆಗಳು ಕೊಯ್ದ ರಕ್ತನಾಳದಿಂದ ಚಿಮ್ಮಿದ ರಕ್ತವಾಗಿ ಕಂಡವು. ಜಂಪ್‌ಸೂಟಿನ ಹರಕುಗಳು ಕತ್ತರಿಯವು ಎಂದು ಜವಳಿ ತಜ್ಞರೊಬ್ಬರು ಹೇಳಿದರು.

ಮೊದಲ ನಿರ್ಣಯ ರದ್ದಾಯಿತು. ಎರಡನೆಯ ವಿಚಾರಣೆ ನಡೆದು ಮೊಕದ್ದಮೆ ಹೂಡಲಾಯಿತು. ಅಡುಗೆ ಜಾಗದಿಂದ ದೂರವಿದ್ದ ಕೆಲವೇ ನಿಮಿಷಗಳಲ್ಲಿ ಲಿಂಡಿ ಮಗುವನ್ನು ಕಾರಿಗೆ ಒಯ್ದು ಕೊಂದು, ದೇಹವನ್ನು ಬಚ್ಚಿಟ್ಟು, ಏನೂ ಆಗದವರಂತೆ ಮರಳಿದರು ಎಂಬುದು ಸರ್ಕಾರದ ವಾದ. ದೇಹವಿಲ್ಲ, ಆಯುಧವಿಲ್ಲ, ಕಂಡವರಿಲ್ಲ. ಕೊಲೆಯ ಉದ್ದೇಶವೇನೆಂದು ಹೇಳುವ ಗೋಜಿಗೂ ಸರ್ಕಾರಿ ವಕೀಲರು ಹೋಗಲಿಲ್ಲ. ಆದರೂ ಜ್ಯೂರಿ ಒಪ್ಪಿತು. ಅದನ್ನು ಮೂರ್ಖತನವೆಂದು ತಳ್ಳಿಹಾಕಬೇಡಿ. ಕಾರಿನಲ್ಲಿ ಎಳೆಗೂಸಿನ ರಕ್ತ ಎರಚಿದೆ ಎಂದು ವಿಜ್ಞಾನಿಗಳು ಪ್ರಮಾಣ ಮಾಡಿ ಹೇಳಿದಾಗ ನೀವಾದರೂ ಏನೆಂದು ತೀರ್ಮಾನಿಸುತ್ತಿದ್ದಿರಿ? ಹಾಗಾದರೆ ಆ ಪರೀಕ್ಷೆಗಳು ನಿಜಕ್ಕೂ ಹೇಳಿದ್ದೇನು? ಒಂದೊಂದಾಗಿ ನೋಡೋಣ.

ಬಣ್ಣ ಬದಲಾದರೆ ಸಾಕೆ?

ಸುಣ್ಣದ ತಿಳಿನೀರಿಗೆ ಇಂಗಾಲದ ಡೈಆಕ್ಸೈಡ್ ಹಾಯಿಸಿದರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಇದು ನೀವೆಲ್ಲ ಮಾಡಿರುವ ಪ್ರಯೋಗ. ಆದರೆ ಗಂಧಕದ ಡೈಆಕ್ಸೈಡ್ ಹಾಯಿಸಿದರೂ ಅದು ಬೆಳ್ಳಗಾಗುತ್ತದೆ! ಅಂದರೆ ತಿಳಿನೀರು ಬೆಳ್ಳಗಾದರೆ ‘ಇಂಗಾಲದ ಡೈಆಕ್ಸೈಡ್ ಇರಬಹುದು’ ಎನ್ನಬಹುದೇ ಹೊರತು ‘ಅದೇ ಇದೆ’ ಎನ್ನುವಂತಿಲ್ಲ.

ರಕ್ತದ ಪ್ರಾಥಮಿಕ ಪರೀಕ್ಷೆಯೂ ಹೀಗೆಯೇ. ಕಾರಿನಲ್ಲಿ ಬಳಸಿದ ಕಾರಕ ಆರ್ಥೊ-ಟಾಲಿಡೀನ್. ಹೈಡ್ರೊಜನ್ ಪೆರಾಕ್ಸೈಡ್ ಜೊತೆಯಲ್ಲಿದ್ದಾಗ, ರಕ್ತದ ಹಿಮೋಗ್ಲೋಬಿನ್ನಿನಲ್ಲಿರುವ ಹೀಮ್ ಭಾಗವು ಈ ಕಾರಕದ ಉತ್ಕರ್ಷಣವನ್ನು ವೇಗಗೊಳಿಸುತ್ತದೆ. ನೀಲಿ ಬಣ್ಣ ಬರುತ್ತದೆ. ಆದರೆ ಅದೇ ಕೆಲಸವನ್ನು ತಾಮ್ರದ ಸಂಯುಕ್ತಗಳೂ ಕೆಲವು ತರಕಾರಿಗಳ ಕಿಣ್ವಗಳೂ ಮಾಡಬಲ್ಲವು. ಚೇಂಬರ್ಲೇನ್ ಕುಟುಂಬ ವಾಸವಾಗಿದ್ದ ಊರು ಯಾವುದು ಗೊತ್ತೆ? ಕ್ವೀನ್ಸ್‌ಲೆಂಡಿನ ಮೌಂಟ್ ಐಸಾ, ತಾಮ್ರದ ಗಣಿಗಳ ಊರು! ಅಲ್ಲಿ ಓಡಾಡಿದ ಕಾರಿನ ಧೂಳಿನಲ್ಲಿ ತಾಮ್ರದ ಅಂಶವಿರುವುದು ಸಹಜ.

ಪ್ರತಿಕಾಯದ ಸಾಕ್ಷ್ಯ

‘ಎಳೆಗೂಸಿನ ರಕ್ತ’ ಎಂದು ಹೇಳಿದ್ದು ಇನ್ನೊಂದು ಪರೀಕ್ಷೆ. ಅದರ ತತ್ವ ಸೊಗಸಾದದ್ದು. ವಯಸ್ಕರ ಹಿಮೋಗ್ಲೋಬಿನ್ ಅಣುವಿನಲ್ಲಿ ಎರಡು ಆಲ್ಫಾ ಮತ್ತು ಎರಡು ಬೀಟಾ ಸರಪಳಿಗಳಿರುತ್ತವೆ. ಗರ್ಭದಲ್ಲಿರುವ ಶಿಶುವಿನ ಹಿಮೋಗ್ಲೋಬಿನ್ನಿನಲ್ಲಿ ಬೀಟಾ ಬದಲು ಗ್ಯಾಮಾ ಸರಪಳಿಗಳಿರುತ್ತವೆ. ಇದೇ ಭ್ರೂಣ ಹಿಮೋಗ್ಲೋಬಿನ್. ಹುಟ್ಟಿದಾಗ ಮಗುವಿನ ರಕ್ತದಲ್ಲಿ ಇದರದ್ದೇ ಬಹುಪಾಲು. ನಂತರದ ತಿಂಗಳುಗಳಲ್ಲಿ ಕ್ರಮೇಣ ಕಡಿಮೆಯಾಗುತ್ತದೆ. ಒಂಬತ್ತು ವಾರಗಳ ಮಗುವಿನಲ್ಲಿ ಗಣನೀಯ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಆದ್ದರಿಂದ ಭ್ರೂಣ ಹಿಮೋಗ್ಲೋಬಿನ್ನಿನೊಂದಿಗೆ ಮಾತ್ರ ವರ್ತಿಸುವ ಪ್ರತಿಕಾಯಗಳು ನಿಮ್ಮ ಬಳಿ ಇದ್ದರೆ, ರಕ್ತ ಎಳೆಗೂಸಿನದೆ ಅಲ್ಲವೆ ಎಂದು ಹೇಳಬಹುದು.

ತೊಡಕಿರುವುದು ‘ಮಾತ್ರ’ ಎಂಬ ಪದದಲ್ಲಿ. ಇಂಥ ಪ್ರತಿಕಾಯಗಳನ್ನು ಸಾಮಾನ್ಯವಾಗಿ ಪ್ರಾಣಿಗಳ ದೇಹದಲ್ಲಿ ಉತ್ಪಾದಿಸುತ್ತಾರೆ. ಭ್ರೂಣ ಹಿಮೋಗ್ಲೋಬಿನ್ನನ್ನು ಚುಚ್ಚಿದಾಗ ಪ್ರಾಣಿಯ ದೇಹವು ಗ್ಯಾಮಾ ಸರಪಳಿಯ ವಿರುದ್ಧವಷ್ಟೇ ಅಲ್ಲ, ಆಲ್ಫಾ ಸರಪಳಿಯ ವಿರುದ್ಧವೂ ಪ್ರತಿಕಾಯಗಳನ್ನು ತಯಾರಿಸಬಹುದು. ಆಲ್ಫಾ ಸರಪಳಿ ವಯಸ್ಕರ ರಕ್ತದಲ್ಲಿಯೂ ಇದೆಯಷ್ಟೆ! ಆ ಬೇಡದ ಪ್ರತಿಕಾಯಗಳನ್ನು ಪೂರ್ತಿಯಾಗಿ ತೆಗೆದುಹಾಕದಿದ್ದರೆ ಆಂಟಿಸೀರಂ ವಯಸ್ಕರ ರಕ್ತಕ್ಕೂ ‘ಹೌದು’ ಎನ್ನುತ್ತದೆ. ನ್ಯೂಕ್ಯಾಸಲ್ ವಿಶ್ವವಿದ್ಯಾನಿಲಯದ ಜೀವವಿಜ್ಞಾನಿ ಪ್ರೊ. ಬ್ಯಾರಿ ಬೋಟ್ಚರ್ ಇದನ್ನು ಮೊಕದ್ದಮೆಯಲ್ಲಿಯೇ ವಿವರಿಸಿದ್ದರು. ಅವರ ಮಾತು ಜ್ಯೂರಿಯನ್ನು ಒಪ್ಪಿಸಲಿಲ್ಲ.

ಇನ್ನೂ ಎರಡು ಸಂಗತಿಗಳನ್ನು ಗಮನಿಸಿ. ಕಾರನ್ನು ಪರೀಕ್ಷಿಸಿದ್ದು ಘಟನೆಯಾಗಿ ವರ್ಷ ಕಳೆದ ಮೇಲೆ. ಬಿಸಿಲಲ್ಲಿ ಓಡಾಡಿದ ಕಾರಿನಲ್ಲಿ ಪ್ರೋಟೀನುಗಳು ಕೆಡುತ್ತವೆ. ಎರಡನೆಯದಾಗಿ, ಪರೀಕ್ಷೆಯ ಪ್ರತಿಕ್ರಿಯೆಗಳು ಮೂಡಿದ್ದ ಫಲಕಗಳನ್ನು ಪ್ರಯೋಗಾಲಯ ತನ್ನ ವಾಡಿಕೆಯಂತೆ ನಾಶಪಡಿಸಿತ್ತು. ಹೀಗಾಗಿ ಇನ್ನೊಬ್ಬ ತಜ್ಞರು ಅವನ್ನು ನೋಡಿ ಒಪ್ಪಲು ಅಥವಾ ಅಲ್ಲಗಳೆಯಲು ದಾರಿಯೇ ಇರಲಿಲ್ಲ. ಇನ್ನೊಬ್ಬರು ತಾಳೆ ನೋಡಲಾಗದ ಫಲಿತಾಂಶಕ್ಕೆ ವಿಜ್ಞಾನದಲ್ಲಿ ಏನು ಬೆಲೆ?

ಸರಪಳಿಯೋ, ಹಗ್ಗವೋ?

ಲಿಂಡಿಯ ಮೇಲ್ಮನವಿ ಆಸ್ಟ್ರೇಲಿಯದ ಅತ್ಯುನ್ನತ ನ್ಯಾಯಾಲಯಕ್ಕೆ ಹೋಯಿತು. 1984ರ ಫೆಬ್ರವರಿಯಲ್ಲಿ ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಮೇಲ್ಮನವಿಯನ್ನು ತಳ್ಳಿಹಾಕಿದರು. ಇಬ್ಬರು ಶಿಕ್ಷೆ ರದ್ದಾಗಬೇಕೆಂದರು. ಅಲ್ಲಿ ನಡೆದ ಚರ್ಚೆ ಇಂದಿಗೂ ಕಾನೂನು ತರಗತಿಗಳ ಪಾಠ. ಸಾಂದರ್ಭಿಕ ಸಾಕ್ಷ್ಯ ಸರಪಳಿಯಂತೆಯೋ, ಹಗ್ಗದಂತೆಯೋ? ಸರಪಳಿಯಾದರೆ ಒಂದು ಕೊಂಡಿ ಕಳಚಿದರೂ ಎಲ್ಲವೂ ಬಿದ್ದುಹೋಗುತ್ತದೆ. ಹಗ್ಗವಾದರೆ ಒಂದೆರಡು ಎಳೆ ಹರಿದರೂ ಉಳಿದವು ಭಾರ ಹೊರುತ್ತವೆ.

ಹಗ್ಗದ ವಾದ ಮೇಲುನೋಟಕ್ಕೆ ಸರಿಯೆನಿಸುತ್ತದೆ. ಆದರೆ ಎಳೆಗಳು ಒಂದನ್ನೊಂದು ಅವಲಂಬಿಸಿರದಿದ್ದರೆ ಮಾತ್ರ ಅದು ಸಲ್ಲುತ್ತದೆ. ಈ ಪ್ರಕರಣದಲ್ಲಿ ಹಾಗಿತ್ತೆ? ಕಾರಿನಲ್ಲಿ ರಕ್ತವಿದೆ ಎಂದು ನಂಬಿದ ಮೇಲೆ ಎರಚಿದ ಕಲೆಯೂ ರಕ್ತವೇ ಆಗಿ ಕಂಡಿತು. ಕುತ್ತಿಗೆ ಕೊಯ್ಯಲಾಗಿದೆ ಎಂದು ನಂಬಿದ ಮೇಲೆ ಬಟ್ಟೆಯ ಹರಕು ಕತ್ತರಿಯದ್ದೇ ಎನಿಸಿತು. ಒಂದು ಊಹೆ ಮತ್ತೊಂದಕ್ಕೆ ಆಸರೆ. ಆ ಮತ್ತೊಂದು ಮೊದಲನೆಯದಕ್ಕೆ ಪುರಾವೆ! ಐದು ಸಾಕ್ಷ್ಯಗಳಂತೆ ಕಂಡದ್ದು ಒಂದೇ ನಂಬಿಕೆಯ ಐದು ನೆರಳುಗಳಾಗಿರಲೂ ಸಾಧ್ಯ.

ಸಿಕ್ಕಿತು ಅಂಗಿ

1986ರಲ್ಲಿ ಉಲುರು ಬಂಡೆಯಿಂದ ಬಿದ್ದು ಸತ್ತ ಪ್ರವಾಸಿಯೊಬ್ಬರ ದೇಹಕ್ಕಾಗಿ ಹುಡುಕುತ್ತಿದ್ದಾಗ, ಡಿಂಗೊ ಬಿಲಗಳಿದ್ದ ಪ್ರದೇಶದಲ್ಲಿ ಮಣ್ಣಿನಲ್ಲಿ ಅರೆ ಹುದುಗಿದ್ದ ಪುಟ್ಟ ಬಟ್ಟೆಯೊಂದು ಕಂಡಿತು. ಅದು ಅಜಾರಿಯಾಳ ಹೆಣಿಗೆ ಅಂಗಿ!

ಇದರ ಮಹತ್ವವೇನು? ಜಂಪ್‌ಸೂಟಿನ ಮೇಲೆ ಡಿಂಗೊ ಜೊಲ್ಲಿನ ಗುರುತು ಸಿಗಲಿಲ್ಲ ಎಂಬುದು ತಾಯಿಯ ವಿರುದ್ಧದ ವಾದಗಳಲ್ಲಿ ಒಂದು. ಮೇಲೆ ಇನ್ನೊಂದು ಅಂಗಿ ಇತ್ತು ಎಂಬ ಲಿಂಡಿಯ ಮಾತನ್ನು ಕಟ್ಟುಕಥೆಯೆಂದು ಬಿಂಬಿಸಲಾಗಿತ್ತು. ಅಂಗಿ ಇದ್ದದ್ದು ನಿಜವಾದರೆ, ಜೊಲ್ಲು ಕಾಣದಿರುವುದು ಸೋಜಿಗವೇನಲ್ಲ. ಐದು ದಿನಗಳೊಳಗೆ, ಫೆಬ್ರವರಿ 7ರಂದು, ಲಿಂಡಿಯ ಬಿಡುಗಡೆಯಾಯಿತು. ಶಿಕ್ಷೆಯಾದಾಗ ಅವರು ತುಂಬು ಗರ್ಭಿಣಿ. ಸೆರೆಯಲ್ಲಿದ್ದಾಗಲೇ ಹುಟ್ಟಿದ ಇನ್ನೊಂದು ಹೆಣ್ಣುಮಗುವಿಗೆ ಆಗ ಮೂರು ವರ್ಷ ದಾಟಿತ್ತು.

ಮಾರ್ಲಿಂಗ್ ಆಯೋಗ

ನ್ಯಾಯಮೂರ್ತಿ ಟ್ರೆವರ್ ಮಾರ್ಲಿಂಗ್ ಅವರ ವಿಚಾರಣಾ ಆಯೋಗ ಎಲ್ಲ ಸಾಕ್ಷ್ಯಗಳನ್ನೂ ಹೊಸದಾಗಿ ಪರಿಶೀಲಿಸಿ 1987ರಲ್ಲಿ ವರದಿ ನೀಡಿತು. ಡ್ಯಾಶ್‌ಬೋರ್ಡಿನ ಕೆಳಗಿನ ‘ರಕ್ತದ ಎರಚಲು’ ಏನಾಗಿತ್ತು ಗೊತ್ತೆ? ಕಾರಿನ ಸದ್ದನ್ನು ತಗ್ಗಿಸಲು ಕಾರ್ಖಾನೆಯಲ್ಲಿಯೇ ಸಿಂಪಡಿಸುವ ಲೇಪನ! ಅದೇ ಮಾದರಿಯ ಬೇರೆ ಕಾರುಗಳ ಅದೇ ಜಾಗದಲ್ಲಿಯೂ ಅಂಥದೇ ಕಲೆಗಳಿದ್ದವು. ಇನ್ನೊಂದು ಟೊರಾನಾ ಕಾರಿನೊಳಗೆ ಬಗ್ಗಿ ನೋಡಿದ್ದರೆ ಸಾಕಿತ್ತು.

ಜಂಪ್‌ಸೂಟಿನ ಮೇಲಿನ ‘ಕೈಗುರುತಿ’ನಲ್ಲಿ ರಕ್ತವೆಂದು ತಿಳಿದದ್ದು ಬಹುಪಾಲು ಆ ನೆಲದ ಕೆಂಪು ಮಣ್ಣು. ಹರಕಿನ ಕಥೆಯೂ ಹೀಗೆಯೇ. ಜಂಪ್‌ಸೂಟ್ ಟರ್ಕಿ ಟವೆಲ್ಲಿನಂಥ, ದಾರದ ಕುಣಿಕೆಗಳಿರುವ ಬಟ್ಟೆಯದು. ಅದನ್ನು ಕತ್ತರಿಸಿದಾಗ ತುಂಡಾದ ಕುಣಿಕೆಗಳ ಸಣ್ಣ ಎಳೆಗಳು ಉದುರುತ್ತವೆ. ಪ್ರಾಣಿಯ ಹಲ್ಲು ಬಟ್ಟೆಯನ್ನು ಹರಿಯುವುದೇ ಹೊರತು ಹಾಗೆ ಕತ್ತರಿಸಲಾರದು ಎಂದು ಜವಳಿ ತಜ್ಞರು ವಾದಿಸಿದ್ದರು. ಆದರೆ ನಾಯಿಯ ಜಾತಿಯ ಪ್ರಾಣಿಗಳ ದವಡೆಯ ಹಿಂಭಾಗದ ಹಲ್ಲುಗಳು ಕತ್ತರಿಯ ಅಲಗುಗಳಂತೆಯೇ ಒಂದರ ಪಕ್ಕ ಒಂದು ಜಾರುತ್ತವೆ. ಇಂಥ ಬಟ್ಟೆಯನ್ನು ಕಚ್ಚಲು ಕೊಟ್ಟು ನೋಡಿದಾಗ ಅವೂ ಅಂಥ ಎಳೆಗಳನ್ನು ಉದುರಿಸಿದವು.

ಮಾರ್ಲಿಂಗ್ ಅವರ ತೀರ್ಮಾನದ ಮಾತುಗಾರಿಕೆಯನ್ನು ಗಮನಿಸಬೇಕು. ಡಿಂಗೊ ಒಯ್ದದ್ದು ಸಿದ್ಧವಾಗಿದೆ ಎಂದು ಅವರು ಹೇಳಲಿಲ್ಲ. ಅಪರಾಧದ ಬಗ್ಗೆ ಗಂಭೀರ ಸಂದೇಹಗಳಿವೆ. ಈಗ ತಿಳಿದಿರುವುದೆಲ್ಲ ಅಂದು ತಿಳಿದಿದ್ದರೆ ನ್ಯಾಯಾಧೀಶರು ಬಿಡುಗಡೆ ಮಾಡುವಂತೆ ಜ್ಯೂರಿಗೆ ಸೂಚಿಸಬೇಕಾಗುತ್ತಿತ್ತು ಎಂದರು. ಆರೋಪಿಯು ತನ್ನ ನಿರ್ದೋಷಿತ್ವವನ್ನು ಸಾಧಿಸಬೇಕಾಗಿಲ್ಲ. ಆರೋಪ ಹೊರಿಸಿದವರೇ ಅದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಸಾಧಿಸಬೇಕು. 1988ರ ಸೆಪ್ಟೆಂಬರಿನಲ್ಲಿ ದಂಪತಿಗಳ ಮೇಲಿನ ಅಪರಾಧ ನಿರ್ಣಯಗಳು ರದ್ದಾದವು. 1995ರ ಮೂರನೆಯ ಕರೋನರ್ ವಿಚಾರಣೆ ಸಾವಿನ ಕಾರಣವನ್ನು ಅನಿರ್ಣೀತವಾಗಿ ಉಳಿಸಿತು. 2001ರಲ್ಲಿ ಫ್ರೇಸರ್ ದ್ವೀಪದಲ್ಲಿ ಡಿಂಗೊಗಳು ಒಂಬತ್ತು ವರ್ಷದ ಬಾಲಕನನ್ನು ಕೊಂದಾಗ, ಅವು ಮಕ್ಕಳನ್ನು ಕೊಲ್ಲುವುದಿಲ್ಲ ಎಂಬ ನಂಬಿಕೆ ಕುಸಿಯಿತು. ಕೊನೆಗೆ 2012ರ ಜೂನ್ 12ರಂದು ಕರೋನರ್ ಎಲಿಜಬೆತ್ ಮಾರಿಸ್, ಮಗುವಿನ ಸಾವಿಗೆ ಡಿಂಗೊ ಕಾರಣವೆಂದು ದಾಖಲಿಸಿದರು. ಆ ವೇಳೆಗೆ ಸುಮಾರು 32 ವರ್ಷಗಳು ಸಂದಿದ್ದವು.

ತರಗತಿಗೆ ಒಂದು ಪಾಠ

ಇಲ್ಲಿ ವಿಜ್ಞಾನ ಸೋತಿತೆ? ಒಂದು ದೃಷ್ಟಿಯಲ್ಲಿ ಹೌದು. ಆದರೆ ತಪ್ಪನ್ನು ಹೊರಗೆಳೆದದ್ದೂ ವಿಜ್ಞಾನವೇ. ಎರಡು ಸಂದರ್ಭಗಳ ನಡುವಿನ ವ್ಯತ್ಯಾಸ ಉಪಕರಣಗಳದ್ದಲ್ಲ, ಪ್ರಶ್ನೆಗಳದ್ದು. ಮೊದಲು ಕೇಳಿದ್ದು ‘ಇದು ರಕ್ತವೆಂದು ತೋರಿಸಬಹುದೆ?’ ಎಂದು. ಆಮೇಲೆ ಕೇಳಿದ್ದು ‘ಇದು ರಕ್ತವಲ್ಲದಿದ್ದರೂ ಇದೇ ಫಲಿತಾಂಶ ಬರುತ್ತಿತ್ತೆ?’ ಎಂದು.

ಈ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವುದಕ್ಕಾಗಿಯೇ ನಾವು ನಿಯಂತ್ರಿತ ಪ್ರಯೋಗ ಮಾಡುವುದು. ಶಾಲೆಯ ಪ್ರಯೋಗಾಲಯದಲ್ಲಿ ‘ಕಂಟ್ರೋಲ್’ ಎಂದು ಚೀಟಿ ಅಂಟಿಸಿದ ಪ್ರನಾಳವನ್ನು ಎಷ್ಟೋ ಸಲ ಲೆಕ್ಕಕ್ಕೆಂದು ಇಟ್ಟು, ದಾಖಲೆ ಪುಸ್ತಕದಲ್ಲಿ ‘ಬದಲಾವಣೆ ಇಲ್ಲ’ ಎಂದು ನೋಡದೆಯೇ ಬರೆದುಬಿಡುತ್ತೇವೆ. ಅಧ್ಯಾಪಕರು ಒಮ್ಮೆ ಹೀಗೆ ಮಾಡಿ ನೋಡಬಹುದು: ಗುರುತಿಲ್ಲದ ನಾಲ್ಕು ಪ್ರನಾಳಗಳನ್ನು ಕೊಟ್ಟು, ಯಾವುದರಲ್ಲಿ ಏನಿದೆ ಎಂದು ಹೇಳುವ ಮೊದಲು, ಇದೇ ಫಲಿತಾಂಶವನ್ನು ಕೊಡಬಲ್ಲ ಬೇರೆ ವಸ್ತುಗಳನ್ನು ಪಟ್ಟಿ ಮಾಡಲು ವಿದ್ಯಾರ್ಥಿಗಳಿಗೆ ತಿಳಿಸಿ. ಉತ್ತರಕ್ಕೆ ಒಂದು ಅಂಕವಾದರೆ ಆ ಪಟ್ಟಿಗೆ ಎರಡು ಅಂಕ ಕೊಡಿ.

ಡಾರ್ವಿನ್ ನ್ಯಾಯಾಲಯದ ಮುಂದೆ ಅಂಥ ಪಟ್ಟಿಯೊಂದು ಸರಿಯಾಗಿ ಬಂದಿದ್ದರೆ ಅದರಲ್ಲಿ ತಾಮ್ರದ ಧೂಳು, ಕೆಂಪು ಮಣ್ಣು, ಕಾರ್ಖಾನೆಯ ಲೇಪನ ಮತ್ತು ಡಿಂಗೊ ಹಲ್ಲು ಇರುತ್ತಿದ್ದವು. ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ಕೊಲೆಗಾತಿ ಎನಿಸಿಕೊಳ್ಳುವುದು ತಪ್ಪುತ್ತಿತ್ತು.