ಹಳೆಯ ಸೀರೆ ಮತ್ತು ಆಸ್ಪತ್ರೆಯ ಅಂಗಿ: ಹೆರಿಗೆಯ ಉಡುಪಿನ ಚರಿತ್ರೆಗೆ ಒಂದು ಟಿಪ್ಪಣಿ

ಭಾರತದಲ್ಲಿ ಹೆರಿಗೆಯ ಚರಿತ್ರೆಯನ್ನು ಬರೆದವರು ಸೂಲಗಿತ್ತಿಯ ಬಗೆಗೆ ಬರೆದಿದ್ದಾರೆ, ಮಹಿಳಾ ವೈದ್ಯರ ಬಗೆಗೆ ಬರೆದಿದ್ದಾರೆ, ಆಸ್ಪತ್ರೆಗಳ ಸ್ಥಾಪನೆಯನ್ನೂ ಅವುಗಳಿಗೆ ಧನ ನೀಡಿದ ದಾನಿಗಳನ್ನೂ ವಿವರವಾಗಿ ದಾಖಲಿಸಿದ್ದಾರೆ. ಹೆರುವ ಹೆಂಗಸು ಆ ಹೊತ್ತಿನಲ್ಲಿ ಏನನ್ನು ಉಟ್ಟಿದ್ದಳು, ಅದನ್ನು ಆರಿಸಿದವರು ಯಾರು ಎಂಬ ಪ್ರಶ್ನೆ ಮಾತ್ರ ಬಹುಮಟ್ಟಿಗೆ ಬದಿಗೇ ಉಳಿದಿದೆ. ಅದು ಚಿಲ್ಲರೆ ವಿಷಯವೆಂದು ತೋರುವುದು ಸಹಜ. ಆದರೆ ಮದರಾಸು, ಮುಂಬಯಿಗಳಂಥ ನಗರಗಳಲ್ಲಿ ಹೆರಿಗೆಯು ಮನೆಯಿಂದ ಆಸ್ಪತ್ರೆಗೆ ಸಾಗಿದ ಹಾದಿಯನ್ನು ಈ ಒಂದು ಎಳೆಯನ್ನು ಹಿಡಿದು ಪರಿಶೀಲಿಸಿದರೆ, ಶುಚಿ ಎಂದರೇನು, ಅದನ್ನು ನಿರ್ಣಯಿಸುವ ಅಧಿಕಾರ ಯಾರದು ಎಂಬ ವಿವಾದವು ಬಟ್ಟೆಯನ್ನು ನೆಪವಾಗಿಟ್ಟುಕೊಂಡು ನಡೆದಿರುವುದು ಕಾಣುತ್ತದೆ.

ಮೊದಲು ಮನೆಯ ಹೆರಿಗೆಯನ್ನು ನೋಡೋಣ. ಹೆರಿಗೆಯಿಂದ ಬರುವ ಅಶೌಚಕ್ಕೆ ಕನ್ನಡದಲ್ಲಿ ಪುರುಡು ಎಂಬ ಹೆಸರಿದೆ. ಕರಾವಳಿಯಲ್ಲಿ ಅಮೆ ಎಂಬ ಮಾತು ಬಳಕೆಯಲ್ಲಿದೆ. ಧರ್ಮಶಾಸ್ತ್ರಗಳು ಸಾಮಾನ್ಯವಾಗಿ ಇದಕ್ಕೆ ಹತ್ತು ದಿನಗಳ ಅವಧಿಯನ್ನು ಹೇಳುತ್ತವೆ. ಆ ಅವಧಿಯಲ್ಲಿ ಬಾಣಂತಿಯ ಮೈ ಸೋಕಿದ ಬಟ್ಟೆಯೆಲ್ಲ ಮೈಲಿಗೆ. ಅದನ್ನು ಮನೆಯ ಇತರ ಬಟ್ಟೆಗಳೊಡನೆ ಸೇರಿಸುವಂತಿಲ್ಲ. ಮಡಿವಾಳಗಿತ್ತಿ ಒಗೆದು ತಂದಾಗಲೇ ಅದು ಮಡಿ. ಮಡಿ ಎಂಬ ಪದಕ್ಕೆ ಒಗೆದ ಬಟ್ಟೆ ಎಂಬ ಅರ್ಥವೂ ಶುದ್ಧಿ ಎಂಬ ಅರ್ಥವೂ ಕೂಡಿಯೇ ಇರುವುದನ್ನು ಇಲ್ಲಿ ಗಮನಿಸಬೇಕು. ಉಟ್ಟು ಹೆತ್ತ ಸೀರೆಯು ಎಷ್ಟೋ ವೇಳೆ ಮನೆಗೆ ಮರಳುತ್ತಲೇ ಇರಲಿಲ್ಲ; ಅದು ಸೂಲಗಿತ್ತಿಯ ಅಥವಾ ಮಡಿವಾಳಗಿತ್ತಿಯ ಪಾಲು. ಹೀಗಿರುವಲ್ಲಿ ಹೆರಿಗೆಗೆ ಹೊಸ ಸೀರೆಯನ್ನು ಯಾರೂ ತೆಗೆದಿಡುತ್ತಿರಲಿಲ್ಲ ಎಂಬುದರಲ್ಲಿ ಆಶ್ಚರ್ಯವಿಲ್ಲ. ಹೊಸದು ಬಂದಿರುತ್ತಿದ್ದುದು ಅದಕ್ಕೂ ಮೊದಲು, ಕುಬುಸದ ಶಾಸ್ತ್ರದಲ್ಲಿ, ತವರಿನವರು ಗರ್ಭಿಣಿಗೆ ಹಸಿರು ಸೀರೆ, ಹಸಿರು ಕುಪ್ಪಸ ತೊಡಿಸಿ ಹಸಿರು ಬಳೆ ಇಡಿಸುವಾಗ.

ಹಳೆಯ ಸೀರೆಯನ್ನು ಆರಿಸುವುದಕ್ಕೆ ಮೈಲಿಗೆಯೊಂದೇ ಕಾರಣವಾಗಿರಲಿಲ್ಲ. ಹತ್ತಾರು ಬಾರಿ ಒಗೆದು ಗಂಜಿಯೆಲ್ಲ ಹೋದ ನೂಲಿನ ಬಟ್ಟೆ ಮೆತ್ತಗಿರುತ್ತದೆ, ನೀರನ್ನೂ ರಕ್ತವನ್ನೂ ಬೇಗ ಹೀರುತ್ತದೆ, ಕೂಸಿನ ಎಳೆಯ ಚರ್ಮವನ್ನು ಉಜ್ಜುವುದಿಲ್ಲ. ಒಂದೇ ಸೀರೆಯನ್ನು ಹರಿದರೆ ಬಾಣಂತಿಯ ನಡುವಿಗೆ ಕಟ್ಟುವ ಪಟ್ಟಿ, ಮಗುವನ್ನು ಸುತ್ತುವ ಬಟ್ಟೆ, ರಕ್ತಸ್ರಾವಕ್ಕೆ ಬೇಕಾದ ತುಂಡುಗಳು ಎಲ್ಲವೂ ಒದಗುತ್ತಿದ್ದವು. ಉಳಿದ ತುಂಡುಗಳು ಉತ್ತರ ಕರ್ನಾಟಕದಲ್ಲಿ ಕೌದಿಯ ಹೊಲಿಗೆಗೆ ಸೇರುತ್ತಿದ್ದವು. ಕುಪ್ಪಸದ ವಿಷಯವೂ ಗಮನಾರ್ಹವಾದುದು. ಗುಳೇದಗುಡ್ಡದ ಖಣದಿಂದ ಹೊಲಿದು ಉತ್ತರ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ತೊಡುತ್ತಿದ್ದ ಕುಪ್ಪಸಕ್ಕೆ ಮುಂದುಗಡೆ, ಎದೆಯ ಕೆಳಗೆ, ಗಂಟು. ಸೆರಗಿನ ಮರೆಯಲ್ಲಿ ಆ ಗಂಟನ್ನು ಸಡಿಲಿಸಿ ಹಾಲೂಡಿಸುವುದಕ್ಕೆ ಬೇರೆ ಉಡುಪೇ ಬೇಕಿರಲಿಲ್ಲ. ಹಾಲೂಡಿಸಲೆಂದು ಪ್ರತ್ಯೇಕ ಅಂಗಿಯನ್ನು ಕೊಳ್ಳುವ ಇಂದಿನ ರೂಢಿಯನ್ನು ಕಂಡಾಗ, ಆ ಗಂಟನ್ನು ಕಳೆದುಕೊಂಡುದಕ್ಕೆ ತೆರುತ್ತಿರುವ ಬೆಲೆ ಇದೆಂದು ನಮಗನ್ನಿಸುವುದುಂಟು.

ಮದರಾಸಿನ ಹೆರಿಗೆ ಆಸ್ಪತ್ರೆ ಸ್ಥಾಪನೆಯಾದುದು 1844ರಲ್ಲಿ. ಅದು ಮುಂದೆ ಎಗ್ಮೋರಿನಲ್ಲಿ ನೆಲೆಗೊಂಡು ಏಷ್ಯದ ಹಳೆಯ ಹೆರಿಗೆ ಆಸ್ಪತ್ರೆಗಳಲ್ಲೊಂದೆಂದು ಹೆಸರಾಯಿತು. ಆ ಕಾಲದ ಆಸ್ಪತ್ರೆಯನ್ನು ಇಂದಿನ ಕಣ್ಣಿನಿಂದ ನೋಡಿ, ಮನೆಯ ಕೊಳಕಿನಿಂದ ಹೆಂಗಸರು ಶುಚಿಯಾದ ತಾಣಕ್ಕೆ ಬಂದರೆಂದು ಭಾವಿಸುವುದು ತಪ್ಪಾಗುತ್ತದೆ. ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ ವೈದ್ಯರು ಕ್ಲೋರಿನ್ ಬೆರೆತ ನೀರಿನಲ್ಲಿ ಕೈತೊಳೆಯಬೇಕೆಂದು ವಿಧಿಸಿದ್ದು 1847ರಲ್ಲಿ. ಅವರ ಮಾತನ್ನು ಬಹುಕಾಲ ಒಪ್ಪಿದವರು ಕಡಿಮೆ. ಯೂರೋಪಿನ ಶಸ್ತ್ರವೈದ್ಯರು ರಕ್ತ ಒಣಗಿ ಸೆಟೆದುಕೊಂಡ ಹಳೆಯ ಕೋಟುಗಳನ್ನೇ ತೊಟ್ಟು ಕೆಲಸ ಮಾಡುತ್ತಿದ್ದ ಕಾಲವದು. ಲಿಸ್ಟರ್ ಕ್ರಿಮಿನಾಶಕ ವಿಧಾನವನ್ನು ಪ್ರಕಟಿಸಿದುದು 1867ರಲ್ಲಿ. 1871ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹೆರಿಗೆ ಸಂಸ್ಥೆಗಳನ್ನು ಕುರಿತು ಬರೆದ ಪುಸ್ತಕದಲ್ಲಿ ಅಂಕಿಅಂಶಗಳನ್ನು ಕಲೆಹಾಕಿ, ಮನೆಯಲ್ಲಿ ಹೆತ್ತವರಿಗಿಂತ ಆಸ್ಪತ್ರೆಗಳಲ್ಲಿ ಹೆತ್ತವರೇ ಹೆಚ್ಚಾಗಿ ಸಾಯುತ್ತಿದ್ದಾರೆಂದು ತೋರಿಸಿದರು. ಬಾಣಂತಿ ಜ್ವರಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ಪಾಶ್ಚರ್ 1879ರಲ್ಲಿ ತೋರಿಸಿಕೊಟ್ಟ ಮೇಲೆ, ಹಬೆಯಲ್ಲಿ ಬಟ್ಟೆಯನ್ನೂ ಉಪಕರಣಗಳನ್ನೂ ಶುದ್ಧಗೊಳಿಸುವ ಯಂತ್ರ ಬಳಕೆಗೆ ಬಂದ ಮೇಲೆ, ಆಸ್ಪತ್ರೆಯ ಬಟ್ಟೆ ನಿಜವಾದ ಅರ್ಥದಲ್ಲಿ ಶುಚಿಯಾಗತೊಡಗಿತು. ಮಡಿವಾಳಗಿತ್ತಿಯ ಕೈಯಲ್ಲಿದ್ದ ನಿರ್ಣಯಾಧಿಕಾರ ಕುದಿನೀರಿಗೂ ಹಬೆಗೂ ಹೋಯಿತು.

ಹತ್ತೊಂಬತ್ತನೆಯ ಶತಮಾನದ ಹೆಂಗಸರು ಆಸ್ಪತ್ರೆಗೆ ಬರಲು ಹಿಂಜರಿದುದನ್ನು ಅಜ್ಞಾನವೆಂದು ವರ್ಣಿಸುವುದು ಆ ಕಾಲದ ಸರ್ಕಾರೀ ಬರವಣಿಗೆಯ ರೂಢಿ. ಪರಪುರುಷನ ಮುಂದೆ ಸೀರೆ ಸಡಿಲಿಸಬೇಕಾದ ಪ್ರಸಂಗವೇ ಹಿಂಜರಿಕೆಯ ಮುಖ್ಯ ಕಾರಣಗಳಲ್ಲೊಂದೆಂಬುದನ್ನು ಆ ಕಾಲದ ಆಡಳಿತವೇ ತನ್ನ ಕ್ರಮಗಳ ಮೂಲಕ ಒಪ್ಪಿಕೊಂಡಿತು. 1885ರಲ್ಲಿ ಡಫರಿನ್ ನಿಧಿ ಸ್ಥಾಪನೆಯಾಯಿತು. ಅದೇ ವರ್ಷ ಮದರಾಸಿನಲ್ಲಿ ಮೇರಿ ಶಾರ್ಲಿಬ್ ಅವರ ಶ್ರಮದಿಂದ ಮೇಲುಜಾತಿಯ ಮತ್ತು ಗೋಷಾ ಸ್ತ್ರೀಯರಿಗಾಗಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. ತಿರುವಲ್ಲಿಕ್ಕೇಣಿಯ ಈ ಸಂಸ್ಥೆ ಈಗ ಕಸ್ತೂರ್ಬಾ ಗಾಂಧಿಯವರ ಹೆಸರನ್ನು ಹೊತ್ತಿದೆ. ಮುಂಬಯಿಯಲ್ಲಿ ಸ್ತ್ರೀವೈದ್ಯರೇ ನಡೆಸುವ ಕಾಮಾ ಆಸ್ಪತ್ರೆ 1886ರಲ್ಲಿ ಆರಂಭವಾಯಿತು. ಜಾತಿಯನ್ನೂ ಪರದೆಯನ್ನೂ ಕಾಪಾಡುವ ಭರವಸೆಯ ಮೇಲೆ ಈ ಸಂಸ್ಥೆಗಳಲ್ಲಿ ಕೆಲವು ನಿಂತಿದ್ದವೆಂಬುದು ಇಂದು ನಮಗೆ ಇರುಸುಮುರುಸು ತರುವ ಸಂಗತಿ. ಆದರೂ ಹೆರುವವಳ ಮೈಯ ಮರೆ ಚಿಕಿತ್ಸೆಯ ಭಾಗವೇ ಎಂಬ ತಿಳಿವಳಿಕೆ ಅವುಗಳಲ್ಲಿತ್ತು. ಆ ತಿಳಿವಳಿಕೆ ನಂತರದ ದೊಡ್ಡ ಆಸ್ಪತ್ರೆಗಳಲ್ಲಿ ಉಳಿಯಲಿಲ್ಲ.

1927ರಲ್ಲಿ ಕ್ಯಾಥರೀನ್ ಮೇಯೊ ಅವರ ‘ಮದರ್ ಇಂಡಿಯಾ’ ಪ್ರಕಟವಾದಾಗ ಹೆರಿಗೆಯ ಕೋಣೆಯ ಚಿಂದಿಬಟ್ಟೆ ಜಗತ್ತಿನ ಚರ್ಚೆಯ ವಸ್ತುವಾಯಿತು. ಹೆರಿಗೆಗೆಂದೇ ಕೂಡಿಟ್ಟ ಕೊಳಕು ಬಟ್ಟೆಗಳ ವರ್ಣನೆಯನ್ನು ಆಕೆ ಭಾರತೀಯರು ಸ್ವರಾಜ್ಯಕ್ಕೆ ಅನರ್ಹರೆಂಬ ವಾದಕ್ಕೆ ಬಳಸಿಕೊಂಡರು. 1928ರ ಲಾಲಾ ಲಜಪತ ರಾಯರ ‘ಅನ್‌ಹ್ಯಾಪಿ ಇಂಡಿಯಾ’ ಸೇರಿದಂತೆ ಅದಕ್ಕೆ ಹಲವು ಉತ್ತರಗಳು ಬಂದವು. ಎರಡು ಪಕ್ಷಗಳೂ ನಿಧಾನಿಸಿ ನೋಡದಿದ್ದ ಒಂದು ಅಂಶವಿದೆ. ಹಳೆಯದು ಬೇರೆ, ಕೊಳೆಯಾದದ್ದು ಬೇರೆ. ಒಗೆದು ಬಿಸಿಲಿಗೆ ಹಾಕಿದ ಹಳೆಯ ಸೀರೆಯಿಂದ ಅಪಾಯ ಕಡಿಮೆ. ಮೈಲಿಗೆಯ ಬಟ್ಟೆಯೆಂದು ಮೂಲೆಯಲ್ಲಿ ಗಂಟುಕಟ್ಟಿ ಇಟ್ಟು, ಹಾಗೆಯೇ ತೆಗೆದು ಬಳಸಿದ ತುಂಡಿನಿಂದ ಅಪಾಯ ಹೆಚ್ಚು. ಹೇಗೂ ಮೈಲಿಗೆಯಾಗುವ ಬಟ್ಟೆಯನ್ನು ಮೊದಲೇ ಶುಚಿಗೊಳಿಸುವುದೇಕೆ ಎಂಬ ತರ್ಕವು ಮಡಿಯ ಕಲ್ಪನೆಯೊಳಗೇ ಅಡಗಿತ್ತು. ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಹೊಕ್ಕಳ ಬಳ್ಳಿಯ ಮೂಲಕ ಧನುರ್ವಾಯು ತಗುಲಿ ಸತ್ತ ಹಸುಗೂಸುಗಳ ಚರಿತ್ರೆ ದೀರ್ಘವಾದುದು. ಭಾರತವು ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದೆಯೆಂಬ ಮನ್ನಣೆ ದೊರೆತದ್ದು 2015ರಲ್ಲಿ ಮಾತ್ರ.

ಮುಂಬಯಿಗೆ ವಲಸೆ ಹೋದ ಕನ್ನಡಿಗರ ಸ್ಥಿತಿ ಇದಕ್ಕಿಂತ ಭಿನ್ನವಾದ ಒಂದು ಮುಖವನ್ನು ತೋರಿಸುತ್ತದೆ. ಗಿರಣಿಗಳ ನಡುವಿನ ಪರೇಲಿನಲ್ಲಿ ವಾಡಿಯಾ ಹೆರಿಗೆ ಆಸ್ಪತ್ರೆ ಆರಂಭವಾದುದು 1926ರಲ್ಲಿ. ಕಾರ್ಖಾನೆಯ ಹೆಂಗಸರಿಗೆ ಹೆರಿಗೆ ಭತ್ಯವನ್ನು ವಿಧಿಸಿದ ಮುಂಬಯಿ ಪ್ರಾಂತದ ಕಾಯಿದೆ 1929ರದು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ರೂಢಿ ಇದ್ದರೂ, ದೂರವೂ ಖರ್ಚೂ ಎಲ್ಲರಿಗೂ ಎಲ್ಲ ಸಲವೂ ಅದಕ್ಕೆ ಅವಕಾಶ ಕೊಡುತ್ತಿರಲಿಲ್ಲ. ಚಾಳಿನ ಒಂದೇ ಖೋಲಿಯಲ್ಲಿ ಅಡಿಗೆ, ದೇವರು, ಪುರುಡು ಮೂರನ್ನೂ ಬೇರೆಬೇರೆಯಾಗಿ ಇಡುವುದಾದರೂ ಹೇಗೆ? ಊರಿನಲ್ಲಿ ಹಿತ್ತಿಲ ಕೋಣೆ ಮಾಡುತ್ತಿದ್ದ ಕೆಲಸವನ್ನು ನಗರದಲ್ಲಿ ಆಸ್ಪತ್ರೆಯ ವಾರ್ಡು ಮಾಡತೊಡಗಿತು ಎಂಬುದು ನಮ್ಮ ಅಭಿಪ್ರಾಯ. ರಕ್ತದ ಬಟ್ಟೆ ಅಲ್ಲೇ ಉಳಿಯಿತು. ಹೆಂಗಸು ಬೇರೆ ಸೀರೆಯುಟ್ಟು ಮನೆಗೆ ಬಂದಳು. ಆಸ್ಪತ್ರೆಯು ಮೈಲಿಗೆಯನ್ನು ಅಳಿಸಿತೆನ್ನುವುದಕ್ಕಿಂತ ಅದಕ್ಕೊಂದು ಅನುಕೂಲವಾದ ಸ್ಥಳವನ್ನು ಒದಗಿಸಿತು ಎನ್ನುವುದೇ ಸರಿ.

ಆಸ್ಪತ್ರೆ ತನ್ನದೆಂದು ತೊಡಿಸಿದ ಉಡುಪು ಬೆನ್ನ ಕಡೆ ಲಾಡಿ ಕಟ್ಟುವ ಅಂಗಿ. ಅದು ಮೂಲತಃ ಶಸ್ತ್ರಚಿಕಿತ್ಸೆಯ ರೋಗಿಯ ಉಡುಪು. ಅಂಗಾತ ಮಲಗಿದವರ ಮೈಯನ್ನು ವೈದ್ಯರು ಸುಲಭವಾಗಿ ತಲುಪಬೇಕೆಂಬುದೇ ಅದರ ಉದ್ದೇಶ. ಹೆರುವ ಹೆಂಗಸು ರೋಗಿಯಲ್ಲ. ಎದ್ದು ಓಡಾಡಬೇಕಾದವಳು, ಹೆತ್ತ ಗಳಿಗೆಯಲ್ಲೇ ಮಗುವನ್ನು ಎದೆಗೆ ಹಾಕಿಕೊಳ್ಳಬೇಕಾದವಳು. ಬೆನ್ನ ಕಡೆ ತೆರೆದುಕೊಂಡು ಎದೆಯ ಕಡೆ ಮುಚ್ಚಿದ ಅಂಗಿ ಈ ಎರಡಕ್ಕೂ ಅಡ್ಡಿ. ಇನ್ನೊಂದು ವೈಪರೀತ್ಯವೂ ಇದೆ. ಹಳೆಯ ಸೀರೆಯನ್ನು ಕೊಳಕೆಂದು ಹೊರಗಿಟ್ಟ ವ್ಯವಸ್ಥೆಯಲ್ಲಿಯೇ, ಮಗುವನ್ನು ಸುತ್ತಲು ಒಗೆದ ಹಳೆಯ ನೂಲಿನ ಬಟ್ಟೆಯನ್ನು ತರಬೇಕೆಂದು ದಾದಿಯರು ಮನೆಯವರಿಗೆ ಹೇಳುವುದು ಅನೇಕ ಆಸ್ಪತ್ರೆಗಳಲ್ಲಿ ಸಾಮಾನ್ಯ.

ಹೆಂಗಸರು ಇದಕ್ಕೆ ಕಂಡುಕೊಂಡ ಪರಿಹಾರ ನೈಟಿ. ಅದನ್ನು ವಿದ್ವಾಂಸರು ಉಡುಪಿನ ಚರಿತ್ರೆಯಲ್ಲಿ ಗಂಭೀರವಾಗಿ ಪರಿಗಣಿಸಿದ್ದು ವಿರಳ. ಸೀರೆಯೊಳಗಿನ ಲಂಗದ ಲಾಡಿಯು ಹೊಟ್ಟೆಯ ಹೊಲಿಗೆಯನ್ನು ಒತ್ತುತ್ತದೆ. ಸಡಿಲವಾದ, ಮುಂದೆ ತೆರೆಯುವ ನೈಟಿಗೆ ಆ ದೋಷವಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹೆರಿಗೆಗಳಲ್ಲಿ ಶೇಕಡಾ 21.5, ಕರ್ನಾಟಕದಲ್ಲಿ 31.5, ತೆಲಂಗಾಣದಲ್ಲಿ 60.7 ಸಿಸೇರಿಯನ್ ಆಗಿದ್ದವು. ಈ ಅಂಕಿಗಳ ಮುಂದೆ ನೈಟಿಯನ್ನು ನಗರದ ಶೋಕಿಯೆಂದು ತಳ್ಳಿಹಾಕಲು ಬರುವುದಿಲ್ಲ.

1992–93ರ ಮೊದಲ ಸಮೀಕ್ಷೆಯಲ್ಲಿ ದೇಶದ ಹೆರಿಗೆಗಳಲ್ಲಿ ಸುಮಾರು ಶೇಕಡಾ 26 ಮಾತ್ರ ಆಸ್ಪತ್ರೆಗಳಲ್ಲಿ ನಡೆದಿದ್ದರೆ, 2019–21ರ ಹೊತ್ತಿಗೆ ಅದು 88.6ಕ್ಕೆ ಏರಿತ್ತು. ಕೇಂದ್ರ ಸರ್ಕಾರವು 2017ರಲ್ಲಿ ‘ಲಕ್ಷ್ಯ’ ಕಾರ್ಯಕ್ರಮವನ್ನೂ ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಹೆರಿಗೆಯ ಆರೈಕೆಯ ಶಿಫಾರಸುಗಳನ್ನೂ ಹೊರತಂದು, ಹೆರುವವಳ ಘನತೆ, ಮೈಮರೆ, ಜೊತೆಗಾತಿ ಈ ವಿಷಯಗಳನ್ನು ಎತ್ತಿದವು. 1885ರಲ್ಲಿ ತಿಳಿದಿದ್ದುದನ್ನು, ಈ ಬಾರಿ ಜಾತಿಯ ಷರತ್ತಿಲ್ಲದೆ, ಮತ್ತೆ ಹೇಳಬೇಕಾಗಿ ಬಂದಿತು.

ಸರ್ಕಾರವೇ ಬಾಣಂತಿಗೆ ಬಟ್ಟೆ ಕೊಡುವ ಪದ್ಧತಿಯೂ ಇದೇ ಅವಧಿಯದು. ತೆಲಂಗಾಣ ಸರ್ಕಾರವು 2017ರಲ್ಲಿ ಹೈದರಾಬಾದಿನಲ್ಲಿ ಆರಂಭಿಸಿದ ಕೆ.ಸಿ.ಆರ್. ಕಿಟ್‌ನಲ್ಲಿ ಮಗುವಿನ ಉಡುಪುಗಳೊಡನೆ ತಾಯಿಗೆ ಸೀರೆಗಳಿದ್ದವು. ಕುಬುಸದಲ್ಲಿ ತವರು ವಹಿಸುತ್ತಿದ್ದ ಪಾತ್ರವನ್ನು ಸರ್ಕಾರ ವಹಿಸಿಕೊಂಡಂತಾಯಿತು. ಅದಕ್ಕೂ ಹತ್ತು ವರ್ಷ ಮೊದಲು, 2007ರಲ್ಲಿ, ಕರ್ನಾಟಕವು ಸರ್ಕಾರಿ ಆಸ್ಪತ್ರೆಗಳಲ್ಲಿ ಹೆತ್ತ ಬಡ ತಾಯಂದಿರಿಗಾಗಿ ಆರಂಭಿಸಿದ ಮಡಿಲು ಕಿಟ್‌ನಲ್ಲಿ ಸೊಳ್ಳೆಪರದೆ, ಸಾಬೂನು, ಕೂಸಿನ ಟೋಪಿಗಳ ನಡುವೆ ಇನ್ನೊಂದು ವಸ್ತುವೂ ಪಟ್ಟಿಯಲ್ಲಿತ್ತು: ಬಾಣಂತಿಯ ಹೊಟ್ಟೆಗೆ ಕಟ್ಟುವ ಬಟ್ಟೆ. ಹಳೆಯ ಸೀರೆಯನ್ನು ಹರಿದು ಅಜ್ಜಿಯರು ಸಿದ್ಧಪಡಿಸುತ್ತಿದ್ದ ಪಟ್ಟಿಯೇ ಹೊಸ ಬಟ್ಟೆಯಾಗಿ ಸರ್ಕಾರದ ಚೀಲದಿಂದ ಹೊರಬಂದಿತು.