ಸುಸ್ಥಿರ

ನಿಲ್ಲು ಎಂಬರ್ಥದ ‘ಸ್ಥಾ’ ಧಾತುವಿನಿಂದ ಬಂದ ‘ಸ್ಥಿರ’ಕ್ಕೆ ‘ಸು’ ಉಪಸರ್ಗ ಸೇರಿ ಆದ ಈ ಸಂಸ್ಕೃತ ಪದಕ್ಕೆ ಗಟ್ಟಿಯಾಗಿ ನೆಲೆನಿಂತದ್ದು ಎಂಬುದೇ ಮೂಲಾರ್ಥವಾಗಿದ್ದು, ನೋಂದಣಿ ಕಚೇರಿಯ ‘ಸ್ಥಿರಾಸ್ತಿ’ಯಲ್ಲಿ ಆ ಅಚಲತೆಯ ಭಾವ ಇಂದಿಗೂ ಉಳಿದಿದೆ. ಬೆಳವಣಿಗೆಯನ್ನು ಹೇಳುವ ‘ಅಭಿವೃದ್ಧಿ’ಗೆ, ತುಸು ವಿಚಿತ್ರವೆನಿಸಿದರೂ, ಇದೇ ಪದ ವಿಶೇಷಣವಾದಾಗ ಅದರ ಅರ್ಥ ಬತ್ತದೆ ಮುಂದುವರಿಯುವಂಥದು ಎಂಬ ಕಡೆಗೆ ಸರಿಯಿತು. ಈ ಕಲ್ಪನೆಯ ಒಂದು ಬೇರು ಅರಣ್ಯಶಾಸ್ತ್ರದಲ್ಲಿದೆ: ಬೆಳ್ಳಿಯ ಅದಿರು ಕರಗಿಸುವ ಕುಲುಮೆಗಳಿಗೆ ಸೌದೆ ಒದಗಿಸಿ ಕಾಡುಗಳು ಬರಿದಾಗುತ್ತಿದ್ದ ಜರ್ಮನಿಯ ಸ್ಯಾಕ್ಸನಿಯಲ್ಲಿ, ಗಣಿ ಅಧಿಕಾರಿ ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್ 1713ರ ತನ್ನ ಗ್ರಂಥದಲ್ಲಿ, ಮತ್ತೆ ಬೆಳೆಯುವಷ್ಟು ಮರವನ್ನೇ ಕಡಿಯಬೇಕೆಂದು ವಾದಿಸಿದನು. ವಿಶ್ವಸಂಸ್ಥೆಯ ಆಯೋಗವೊಂದು ನೀಡಿದ 1987ರ ಬ್ರುಂಟ್‌ಲ್ಯಾಂಡ್ ವರದಿ ಈ ಕಲ್ಪನೆಯನ್ನು ಮುಂದಿನ ಪೀಳಿಗೆಗಳ ಅಗತ್ಯಕ್ಕೂ ಹಿಗ್ಗಿಸಿತು. ವಿಶ್ವಸಂಸ್ಥೆಯ 2000ದ ಸಹಸ್ರಮಾನ ಘೋಷಣೆಯಿಂದ ಮೂಡಿದ 8 ಗುರಿಗಳಲ್ಲಿ, ದಿನಕ್ಕೆ 1 ಡಾಲರಿಗಿಂತ ಕಡಿಮೆ ವರಮಾನದವರ ಪ್ರಮಾಣವನ್ನು 2015ರೊಳಗೆ ಅರ್ಧಕ್ಕಿಳಿಸುವುದು ಮೊದಲನೆಯದರ ಭಾಗವಾಗಿತ್ತು. ಅವುಗಳ ಮುಂದುವರಿಕೆಯಾಗಿ 2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ 17 ‘ಸುಸ್ಥಿರ ಅಭಿವೃದ್ಧಿ ಗುರಿಗಳು’ 2030ರೊಳಗೆ ಕಡುಬಡತನವನ್ನೇ ಅಳಿಸುವ ಪಣ ತೊಟ್ಟವು. ಸೀರೆ, ಚಪ್ಪಲಿಗಳ ವಿಷಯದಲ್ಲಿ ಜನ ಆಡುವ ‘ಬಾಳಿಕೆ ಬರುವ’ ಎಂಬ ಮಾತು ‘ಸುಸ್ಥಿರ’ದ ಈ ಹೊಸ ಅರ್ಥಕ್ಕೆ ಹೆಚ್ಚು ಹತ್ತಿರವಿದ್ದರೂ ಸರ್ಕಾರಿ ಕಡತಗಳು ಅದನ್ನು ಒಲ್ಲವು.