ಚಳಿಗಾಲ ಚೆನ್ನಾಗಿ ಕಳೀತಿದೆಯಾ?

ಮಂಗೋಲಿಯಾ ಅಂದ್ರೆ ನಮಗೆ ನೆನಪಾಗೋದು ಚೆಂಗೀಸ್ ಖಾನ್, ಅವನ ಕುದುರೆ ದಂಡು. ಇವತ್ತು ನಾನು ಹೇಳ್ತಿರೋದು ಅಲ್ಲಿನ ಕುರಿಗಾಹಿಗಳ ಚಳಿಗಾಲದ ಕಥೆ.

ಉಷ್ಣತೆ ಮೈನಸ್ 40 ಡಿಗ್ರಿಗೆ ಇಳಿದರೂ ಅಲ್ಲಿ ಕುದುರೆಗೆ ಲಾಯವಿಲ್ಲ. ಬಯಲಲ್ಲೇ ನಿಂತು, ಗೊರಸಿನಿಂದ ಹಿಮ ಕೆದರಿ ಹುಲ್ಲು ಮೇಯುತ್ತದೆ. ಅದು ಕೆದರಿದ ಜಾಗದಲ್ಲಿ ಹಿಂದೆ ಬರುವ ಕುರಿಗಳಿಗೂ ಮೇವು ಸಿಗುತ್ತೆ. ಆದರೆ ಹಿಮ ಕರಗಿ ಮತ್ತೆ ಗಡ್ಡೆ ಕಟ್ಟಿತು ಅಂದ್ರೆ ಕುದುರೆಯೂ ಸೋಲುತ್ತೆ. ಜಾನುವಾರು ಸಾಲುಸಾಲಾಗಿ ಸಾಯುವ ಇಂಥ ಚಳಿಗಾಲಕ್ಕೆ ‘ಜುದ್’ ಅಂತಾರೆ. 2009-10ರ ಜುದ್‌ನಲ್ಲಿ 80 ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ತವು.

ಚಳಿಗಾಲದ ಕೊನೆಗೆ ‘ತ್ಸಗಾನ್ ಸಾರ್’, ಅಂದರೆ ಬಿಳಿ ತಿಂಗಳ ಹಬ್ಬ. ಗುಡಾರದ ಹತ್ತಿರ ಬಂದ ನೆಂಟರು ಬಾಗಿಲು ಬಡಿಯೋದಿಲ್ಲ, ‘ನಾಯಿ ಹಿಡ್ಕೊಳ್ಳಿ’ ಅಂತ ಕೂಗ್ತಾರೆ. ಒಳಗೆ ಹೋಗಿ, ಹಿರಿಯರ ತೋಳಿಗೆ ಕೆಳಗಿನಿಂದ ಆಸರೆ ಕೊಟ್ಟು ನಮಸ್ಕರಿಸುತ್ತಾರೆ. ಕಮ್ಯುನಿಸ್ಟ್ ಆಡಳಿತ ಈ ಹಬ್ಬವನ್ನು ಹತ್ತಿಕ್ಕಿತು. 1990ರ ಪ್ರಜಾಪ್ರಭುತ್ವ ಚಳವಳಿಯ ನಂತರ ಅದು ಮತ್ತೆ ಮೆರೆಯಿತು.

ಕುರಿಗಾಹಿಗಳು ಎದುರಾದಾಗ ಕೇಳೋದು, ‘ಚಳಿಗಾಲ ಚೆನ್ನಾಗಿ ಕಳೀತಿದೆಯಾ?’ ನನ್ನ ಪ್ರಕಾರ ಇದು ಬರೀ ಉಪಚಾರದ ಮಾತಲ್ಲ. ಯಾರ ಮಂದೆ ಉಳೀತು, ಯಾರಿಗೆ ನೆರವು ಬೇಕು ಅನ್ನೋ ಲೆಕ್ಕಾಚಾರ ಶುರುವಾಗೋದೇ ಅಲ್ಲಿಂದ.